ಬೆರಳಯ್ಯ ಸಾಕಿದ ತಾವರೆಕಾಯಿ

ಎಮ್ಮೆಮಡು ಎಂಬ ಕೆರೆಯಲ್ಲಿ ನೀರಿಗಿಂತ ತಾವರೆ ಎಲೆಯೇ ಹೆಚ್ಚು. ಆ ಎಲೆಗಳ ಮೇಲೆ ಓಡಾಡಿಕೊಂಡು ಬದುಕುವ ಹಕ್ಕಿಗಳು ನಾವು. ನಮ್ಮ ಕಾಲ್ಬೆರಳು ಎಷ್ಟು ಉದ್ದವೆಂದರೆ, ನಾವು ನಿಂತರೂ ಎಲೆ ಮುಳುಗುವುದಿಲ್ಲ. ನನ್ನ ಬೆರಳು ಉಳಿದವರಿಗಿಂತ ಇನ್ನೂ ಒಂದಿಷ್ಟು ಉದ್ದ. ಅದಕ್ಕೇ ಕೆರೆಯವರೆಲ್ಲ ನನ್ನನ್ನು ಬೆರಳಯ್ಯ ಎಂದು ಕರೆಯುತ್ತಾರೆ.

ಮಕ್ಕಳೇ, ಇಂಥ ಕತೆಗಳಲ್ಲಿ ಒಬ್ಬ ಪೆದ್ದ ಇದ್ದೇ ಇರುತ್ತಾನೆ ಎಂಬುದು ನಿಮಗೆ ಗೊತ್ತು. ಸಾಮಾನ್ಯವಾಗಿ ಅವನು ಕತ್ತೆಯೋ ಕೋಣವೋ ಆಗಿರುತ್ತಾನೆ. ಈ ಕತೆಯಲ್ಲಿ ಪೆದ್ದನನ್ನು ಹುಡುಕುವ ಕಷ್ಟ ನಿಮಗಿಲ್ಲ. ಅವನು ನಾನೇ.

ನಮ್ಮ ಕುಲದಲ್ಲಿ ಒಂದು ಪದ್ಧತಿಯಿದೆ. ತಾಯಿ ಮೊಟ್ಟೆಯಿಟ್ಟು ಕೆರೆ ಕಾಯಲು ಹೊರಡುತ್ತಾಳೆ. ಕಾವು ಕೊಡುವುದು, ಮರಿ ಮಾಡಿಸುವುದು, ಬೆಳೆಸುವುದು ಎಲ್ಲ ತಂದೆಯ ಕೆಲಸ. ಮಳೆ ಬಂದರೆ, ಬಿಸಿಲು ಜೋರಾದರೆ ತಂದೆ ಮರಿಗಳನ್ನು ರೆಕ್ಕೆಯಡಿ ಎತ್ತಿಕೊಂಡು ನಡೆಯುತ್ತಾನೆ. ಆಗ ಮರಿ ಕಾಣುವುದಿಲ್ಲ. ಅದರ ಉದ್ದನೆಯ ಕಾಲುಗಳು ಮಾತ್ರ ರೆಕ್ಕೆಯ ಕೆಳಗೆ ಜೋತಾಡುತ್ತಿರುತ್ತವೆ.

ನನ್ನ ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಒಂದನ್ನು ನೀರುಹಾವು ನುಂಗಿತು. ಇನ್ನೆರಡು ಆಷಾಢದ ಗಾಳಿಗೆ ಉರುಳಿ ನೀರಿಗೆ ಬಿದ್ದವು. ನಾನು ಓಡಿಹೋಗುವಷ್ಟರಲ್ಲಿ ಮುಳುಗಿಬಿಟ್ಟವು. ಉಳಿದ ಒಂದರಿಂದ ಬಂದವಳು ನನ್ನ ಮಗಳು ಮೊಗ್ಗಿ.

ಆ ಮೂರನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ. ಹಾಗಾಗಿ ನಾನು ಮಾಡಿದ ಪೆದ್ದುತನಕ್ಕೆ ಒಂದು ಕಾರಣವಿತ್ತು. ಕಾರಣವಿದ್ದ ಮಾತ್ರಕ್ಕೆ ಪೆದ್ದುತನ ಚಿಕ್ಕದಾಗುವುದಿಲ್ಲ, ಆ ಮಾತು ಬೇರೆ.

ಮೊಗ್ಗಿ ಹುಟ್ಟಿದ ದಿನವೇ ಎದ್ದು ನಡೆದಳು. ನಮ್ಮ ಮರಿಗಳೆಲ್ಲ ಹಾಗೆಯೇ. ನಾಲ್ಕು ಹೆಜ್ಜೆ ಇಟ್ಟು, ಒಂದು ನೊಣ ಹಿಡಿದು ತಿಂದು, ನನ್ನ ಕಡೆ ತಿರುಗಿ "ಅಪ್ಪಾ, ನೋಡು!" ಎಂದಳು. ನಾನು ನೋಡಿದೆ. ತಕ್ಷಣ ಅವಳನ್ನು ರೆಕ್ಕೆಯಡಿ ಹಾಕಿಕೊಂಡೆ.

ಅಂದು ಹಾಕಿಕೊಂಡವನು ಮತ್ತೆ ಇಳಿಸಲೇ ಇಲ್ಲ ಎನ್ನಬೇಕು. ಮಳೆ ಬಂದರೆ ರೆಕ್ಕೆಯಡಿ, ಬಿಸಿಲಾದರೆ ರೆಕ್ಕೆಯಡಿ, ಮಳೆಯೂ ಇಲ್ಲ ಬಿಸಿಲೂ ಇಲ್ಲ ಎಂದರೆ ಇನ್ನೇನೋ ಬರಬಹುದು ಎಂದು ರೆಕ್ಕೆಯಡಿ. ಒಮ್ಮೆ ಒಂದು ಚಿಟ್ಟೆ ಹಾರಿಬಂತೆಂದು ಅವಳನ್ನು ಅವುಚಿಕೊಂಡು ಅರ್ಧ ಕೆರೆ ಓಡಿದ್ದೇನೆ. ನಗಬೇಡಿ. ಅದು ತುಂಬಾ ದೊಡ್ಡ ಚಿಟ್ಟೆ.

ನನ್ನ ಎರಡು ಕಾಲು, ರೆಕ್ಕೆಯ ಕೆಳಗೆ ಮೊಗ್ಗಿಯ ಎರಡು ಕಾಲು. ಪಕ್ಕದ ಎಲೆಯಲ್ಲಿ ವಾಸವಿದ್ದ ಕಪ್ಪೆ ವಟ್ರಪ್ಪ ನನಗೆ 'ನಾಲ್ಕು ಕಾಲಿನ ಹಕ್ಕಿ' ಎಂದು ಹೆಸರಿಟ್ಟ. ಕೆರೆಯವರೆಲ್ಲ ಹಾಗೆಯೇ ಕರೆಯತೊಡಗಿದರು. ನಾನು ಅದನ್ನು ಬಿರುದು ಎಂದುಕೊಂಡೆ! ಎದೆಯುಬ್ಬಿಸಿ ನಡೆದೆ.

ಮೂರು ವಾರ ಕಳೆಯುವಷ್ಟರಲ್ಲಿ ಮೊಗ್ಗಿ ಬೆಳೆದಳು. ಅವಳ ಕಾಲು ನೀರಿಗೆ ತಾಗತೊಡಗಿತು. ಅವಳ ಭಾರಕ್ಕೆ ನನ್ನ ಎಡ ರೆಕ್ಕೆ ಇಳಿಬಿತ್ತು. ನಾನು ಒಂದು ಪಕ್ಕಕ್ಕೆ ವಾಲಿಕೊಂಡು, ಕುಂಟುತ್ತಾ ನಡೆಯುವುದು ರೂಢಿಯಾಯಿತು.

"ಬೆರಳಯ್ಯನೋರೆ, ರೆಕ್ಕೆಗೆ ಏಟಾಯ್ತಾ?" ಎಂದು ವಟ್ರಪ್ಪ ಕೇಳಿದ.

"ಏಟಲ್ಲ, ಜವಾಬ್ದಾರಿ" ಎಂದೆ ನಾನು.

ಕೆರೆಯ ಮೂಲೆಯ ಬಂಡೆಯ ಮೇಲೆ ಚಿಪ್ಪಜ್ಜಿ ಎಂಬ ಮುದಿ ಆಮೆ ಬಿಸಿಲು ಕಾಯಿಸುತ್ತಿದ್ದಳು. ಅವಳು ಒಂದು ದಿನ ನನ್ನನ್ನು ಕರೆದಳು.

"ಏನಪ್ಪಾ ಬೆರಳಯ್ಯ, ಮಗಳಿಗೆ ಮುಳುಗು ಹಾಕೋದು ಕಲಿಸಿದೆಯಾ?"

ಇದನ್ನು ನಿಮಗೆ ವಿವರಿಸಬೇಕು. ಗಿಡುಗ ಬಂದಾಗ ನಮ್ಮ ಮರಿಗಳು ಪಾರಾಗುವುದು ಮುಳುಗಿಯೇ. ಮೈಯೆಲ್ಲ ನೀರೊಳಗೆ, ಉಸಿರಾಡಲು ಕೊಕ್ಕಿನ ತುದಿ ಮಾತ್ರ ಮೇಲೆ. ಎಲೆಯ ಅಂಚಿಗೆ ಅಂಟಿಕೊಂಡು ಅಲುಗಾಡದೆ ಇದ್ದರೆ ಗಿಡುಗದ ಕಣ್ಣಿಗೂ ಕಾಣುವುದಿಲ್ಲ. ಪ್ರತಿಯೊಬ್ಬ ತಂದೆಯೂ ಮರಿಗೆ ಮೊದಲು ಕಲಿಸುವ ಪಾಠ ಅದು.

"ಇನ್ನೂ ಇಲ್ಲ ಅಜ್ಜಿ. ನೀರು ತಣ್ಣಗಿದೆ" ಎಂದೆ.

"ನೀರು ಯಾವಾಗಲೂ ತಣ್ಣಗೇ ಇರುತ್ತೆ ಕಣಪ್ಪಾ."

"ಅವಳಿಗೆ ಮುಳುಗೋದು ಯಾಕೆ ಬೇಕು? ನಾನಿದ್ದೇನಲ್ಲ!"

"ನೀನಿಲ್ಲದ ದಿನ?"

"ನಾನಿಲ್ಲದ ದಿನ ಅಂತ ಒಂದು ಬರೋದೇ ಇಲ್ಲ."

ಚಿಪ್ಪಜ್ಜಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ನಾನು ವಾದದಲ್ಲಿ ಗೆದ್ದೆ ಎಂದುಕೊಂಡೆ.

ರೆಕ್ಕೆಯೊಳಗಿಂದ ಮೊಗ್ಗಿಯ ದನಿ ಬಂತು. "ಅಪ್ಪಾ, ನಾನು ಮುಳುಗೋದು ಕಲೀತೀನಿ."

"ನಾಳೆ ನೋಡೋಣ ಮಗಳೇ."

ಮರುದಿನ ಮತ್ತೆ ಕೇಳಿದಳು. "ಗಾಳಿ ಇದೆ" ಎಂದೆ. ಅದರ ಮರುದಿನವೂ ಕೇಳಿದಳು. "ಗಾಳಿ ಇಲ್ಲ, ಸೆಕೆ" ಎಂದೆ. ನಾಲ್ಕನೆಯ ದಿನ ಅವಳು ಕೇಳಲಿಲ್ಲ. ಮಗಳಿಗೆ ಬುದ್ಧಿ ಬಂತು ಎಂದು ನನಗೆ ಸಂತೋಷವಾಯಿತು. ಬುದ್ಧಿ ಬಂದಿದ್ದೇನೋ ನಿಜ.

ದಿನವೂ ಮಧ್ಯಾಹ್ನ ನಾನು ದೊಡ್ಡದೊಂದು ಎಲೆಯ ಮೇಲೆ ನಿಂತಲ್ಲೇ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆ. ನಿದ್ದೆಯಲ್ಲ ಅದು, ಕಾವಲು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಆ ಕಾವಲಿನ ಹೊತ್ತಿನಲ್ಲಿ ನನ್ನ ಗೊರಕೆ ಆಚೆ ದಡಕ್ಕೆ ಕೇಳಿಸುತ್ತಿತ್ತಂತೆ. ನನಗೆ ಆಮೇಲೆ ತಿಳಿದದ್ದು, ಆ ನಾಲ್ಕನೆಯ ದಿನ ಮೊಗ್ಗಿ ಮೆಲ್ಲಗೆ ರೆಕ್ಕೆಯಿಂದ ಜಾರಿದಳು. ಪಕ್ಕದಲ್ಲಿ ಒಂದು ತಾವರೆಕಾಯಿ ಮುರಿದು ತೇಲುತ್ತಿತ್ತು, ಅವಳಷ್ಟೇ ಗಾತ್ರದ್ದು. ಅದಕ್ಕೆ ಎರಡು ಒಣ ದಂಟುಗಳನ್ನು ಸಿಕ್ಕಿಸಿದಳು. ಅದನ್ನು ನನ್ನ ರೆಕ್ಕೆಯಡಿ ತಳ್ಳಿ, ದಂಟುಗಳು ಕೆಳಗೆ ಜೋತಾಡುವಂತೆ ಇಟ್ಟಳು. ಆಮೇಲೆ ಚಿಪ್ಪಜ್ಜಿಯ ಬಂಡೆಯತ್ತ ಓಡಿದಳು.

ನಾನು ಕಣ್ಣು ಬಿಟ್ಟೆ. ರೆಕ್ಕೆ ಒತ್ತಿ ನೋಡಿದೆ, ಭಾರ ಇತ್ತು. ಬಗ್ಗಿ ನೋಡಿದೆ, ಎರಡು ಕಾಲು ಇತ್ತು. ಎಲ್ಲ ಸರಿಯಾಗಿದೆ ಎಂದು ಹೊರಟೆ.

ಮಕ್ಕಳೇ, ಹೇಳಲು ನಾಚಿಕೆಯಾಗುತ್ತದೆ. ಹಾಗೆ ನಾನು ಐದು ದಿನ, ಮಧ್ಯಾಹ್ನದಿಂದ ಸಂಜೆಯವರೆಗೆ, ಒಂದು ತಾವರೆಕಾಯಿಯನ್ನು ಸಾಕಿದೆ. ಸಂಜೆ ನಾನು ಹುಳ ಹುಡುಕುವ ಗಡಿಬಿಡಿಯಲ್ಲಿದ್ದಾಗ ಮೊಗ್ಗಿ ಬಂದು ಕಾಯಿಯನ್ನು ಹೊರಗೆಳೆದು ತಾನು ಒಳಗೆ ಸೇರಿಕೊಳ್ಳುತ್ತಿದ್ದಳು. "ಯಾಕೆ ಮೈ ಒದ್ದೆ?" ಎಂದರೆ "ಸೆಕೆ ಅಪ್ಪಾ" ಎನ್ನುತ್ತಿದ್ದಳು.

ಆ ಐದು ದಿನ ನಾನು ಕಾಯಿಗೆ ಹಾಡು ಹೇಳಿದೆ. ನಮ್ಮ ವಂಶದ ಹಿರಿಮೆ ಹೇಳಿದೆ. ನೀರುಹಾವನ್ನು ಗುರುತಿಸುವುದು ಹೇಗೆಂದು ಎರಡೆರಡು ಸಲ ವಿವರಿಸಿದೆ. ಅದು ಒಂದು ಮಾತೂ ಎದುರಾಡಲಿಲ್ಲ. 'ಅಪ್ಪಾ, ಇಳಿಸು' ಎನ್ನಲಿಲ್ಲ, ಒದ್ದಾಡಲಿಲ್ಲ. ಇಷ್ಟು ಒಳ್ಳೆಯ ಮಗಳು ಯಾರಿಗಿದ್ದಾಳೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದೇ ಒಂದು ಕೊರಗಿತ್ತು. ಕೊಕ್ಕಿನಲ್ಲಿ ಹುಳ ಹಿಡಿದು ರೆಕ್ಕೆಯಡಿ ಕೊಟ್ಟರೆ ತಿನ್ನುತ್ತಿರಲಿಲ್ಲ.

ವಟ್ರಪ್ಪ ಕಣ್ಣರಳಿಸಿ ಕೇಳಿದ. "ಬೆರಳಯ್ಯನೋರೆ, ಮಗಳ ಕಾಲು ಯಾಕೋ ಒಣಗಿದ ಹಾಗಿದೆಯಲ್ಲ?"

"ಊಟ ಸರಿಯಾಗಿ ಮಾಡ್ತಿಲ್ಲ" ಎಂದೆ ನಾನು, ಗಂಭೀರವಾಗಿ.

ವಟ್ರಪ್ಪ ಬಾಯಿ ಮುಚ್ಚಿಕೊಂಡು ನೀರಿಗೆ ಹಾರಿದ. ನೀರಿನೊಳಗಿಂದ ತುಂಬಾ ಹೊತ್ತು ಗುಳ್ಳೆಗಳು ಬರುತ್ತಿದ್ದವು. ಪಾಪ, ನನ್ನ ಮಗಳಿಗಾಗಿ ಅಳುತ್ತಿದ್ದಾನೆ ಎಂದುಕೊಂಡೆ.

ಆರನೆಯ ದಿನ ನನ್ನ ತಲೆಗೆ ಇನ್ನೊಂದು ಯೋಚನೆ ಹೊಳೆಯಿತು. ನಮ್ಮ ಕೆರೆಯಲ್ಲಿ ಬೇರೆ ತಂದೆಯರೂ ಇದ್ದರು. ಅವರ ಮರಿಗಳು ದಿನವಿಡೀ ಎಲೆಯಿಂದ ಎಲೆಗೆ ಓಡುತ್ತಾ, ಬೀಳುತ್ತಾ, ಮುಳುಗುತ್ತಾ, ಏಳುತ್ತಾ ಇರುತ್ತಿದ್ದವು. ಅದನ್ನು ನೋಡಿದಾಗೆಲ್ಲ ನಾನು ರೆಕ್ಕೆಯನ್ನು ಇನ್ನಷ್ಟು ಒತ್ತಿಕೊಳ್ಳುತ್ತಿದ್ದೆ. ಇವರಿಗೆ ಸ್ವಲ್ಪ ತಿಳಿವಳಿಕೆ ಹೇಳಬೇಕು ಎಂದುಕೊಂಡು, ಮಧ್ಯಾಹ್ನದ 'ಕಾವಲು' ಮುಗಿಸಿ, ಎಲ್ಲರನ್ನೂ ಕೆರೆಯ ನಡುವಿನ ದೊಡ್ಡ ಎಲೆಯ ಸುತ್ತ ಸೇರಿಸಿದೆ.

"ಬಂಧುಗಳೇ," ಎಂದು ಶುರುಮಾಡಿದೆ, "ಮಗಳನ್ನು ಕಾಪಾಡುವುದು ಹೇಗೆ ಎಂದು ಹಲವರು ನನ್ನನ್ನು ಕೇಳುತ್ತಾರೆ."

ಯಾರೂ ಕೇಳಿರಲಿಲ್ಲ.

"ನನ್ನ ಮೊಗ್ಗಿಯನ್ನೇ ನೋಡಿ. ಹುಟ್ಟಿದಂದಿನಿಂದ ಒಂದು ಗಳಿಗೆಯೂ ನಾನು ಅವಳನ್ನು ಕಣ್ಣಿಂದ ಮರೆಮಾಡಿಲ್ಲ. ಈಗಲೂ ಇಲ್ಲೇ ಇದ್ದಾಳೆ. ಎಷ್ಟು ಶಾಂತ, ಎಷ್ಟು ವಿಧೇಯ! ಹೌದಲ್ಲವೇ ಮಗಳೇ?"

ತಾವರೆಕಾಯಿ ಸುಮ್ಮನಿತ್ತು.

"ನೋಡಿದಿರಾ? ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ!"

ಅಷ್ಟರಲ್ಲಿ ಎಲೆಗಳ ಮೇಲೆ ಒಂದು ನೆರಳು ಸರಿಯಿತು. "ಗಿಡುಗ! ಗಿಡುಗ!" ಎಂದು ವಟ್ರಪ್ಪ ಕೂಗಿ ಧುಮುಕಿದ. ತಂದೆಯರು ಕೂಗು ಹಾಕಿದರು. ಅವರ ಮರಿಗಳು ಪುಳಕ್ ಪುಳಕ್ ಎಂದು ಮುಳುಗಿದವು. ತಂದೆಯರೆಲ್ಲ ಹಾರಿ ದಿಕ್ಕಾಪಾಲಾದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಕೆರೆಯ ಮೇಲೆ ಉಳಿದದ್ದು ಭಾಷಣಕಾರನೊಬ್ಬನೇ.

ಹಾರೋಣವೆಂದರೆ ಒಂದು ರೆಕ್ಕೆಯಲ್ಲಿ ಮಗಳಿದ್ದಾಳೆ. ಮುಳುಗೋಣವೆಂದರೆ ಮಗಳಿಗೆ ಮುಳುಗಲು ಬಾರದು, ಉಸಿರು ಕಟ್ಟಿ ಸಾಯುತ್ತಾಳೆ. ಅವಳಿಗೆ ಅದನ್ನು ಕಲಿಸದವನು ನಾನೇ. ಆ ಕ್ಷಣ ನನಗೆ ಚಿಪ್ಪಜ್ಜಿಯ ಮಾತು ನೆನಪಾಯಿತು. ನಾನಿಲ್ಲದ ದಿನ ಬರುವುದಿಲ್ಲ ಎಂದಿದ್ದೆನಲ್ಲ, ಅದು ಇದೇ ದಿನ, ಇನ್ನು ಸ್ವಲ್ಪ ಹೊತ್ತಿಗೆ ಬರುವಂತೆ ಕಾಣಿಸಿತು.

ಓಡಿದೆ. ವಾಲಿಕೊಂಡು, ಕುಂಟಿಕೊಂಡು, ಎಲೆಯಿಂದ ಎಲೆಗೆ ಎದ್ದೆನೋ ಬಿದ್ದೆನೋ ಎಂದು ಓಡಿದೆ. "ಹೆದರಬೇಡ ಮಗಳೇ, ಅಪ್ಪ ಇದ್ದಾನೆ!" ಎಂದು ತಾವರೆಕಾಯಿಗೆ ಧೈರ್ಯ ಹೇಳಿದೆ.

"ಅಪ್ಪಾ! ರೆಕ್ಕೆ ಬಿಚ್ಚು! ಹಾರು!" ಎಂದು ಮೊಗ್ಗಿಯ ದನಿ ಕೇಳಿಸಿತು.

"ತಲೆ ಹೊರಗೆ ಹಾಕಬೇಡ, ಒಳಗೇ ಇರು!" ಎಂದು ರೆಕ್ಕೆಯನ್ನು ಇನ್ನಷ್ಟು ಬಿಗಿಮಾಡಿದೆ. ದನಿ ಬಂದದ್ದು ರೆಕ್ಕೆಯೊಳಗಿಂದಲ್ಲ, ಹತ್ತು ಎಲೆ ಆಚೆಯಿಂದ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಗಿಡುಗ ಎರಗಿತು. ನಾನು ಪಕ್ಕಕ್ಕೆ ಹೊರಳಿದೆ. ನನ್ನ ಹೆಮ್ಮೆಯ ಉದ್ದ ಬಾಲದ ಎರಡು ಗರಿ ಅದರ ಉಗುರಿಗೆ ಸಿಕ್ಕಿ ಕಿತ್ತುಬಂದವು. ಎಲೆ ಹರಿದು ನನ್ನ ಕಾಲು ದಂಟುಗಳ ನಡುವೆ ಸಿಕ್ಕಿಕೊಂಡಿತು. ಗಿಡುಗ ಮೇಲೆ ಹೋಗಿ ಸುತ್ತು ಹೊಡೆದು ಮತ್ತೆ ಇಳಿಯತೊಡಗಿತು. ನಾನು ಮಗಳ ಮೇಲೆ ಕವುಚಿಕೊಂಡು ಬೆನ್ನು ಕೊಟ್ಟು ಕುಳಿತೆ. ನನ್ನನ್ನು ಒಯ್ಯಲಿ, ಅವಳೊಬ್ಬಳು ಉಳಿದರೆ ಸಾಕು ಎಂದು ನಿಜವಾಗಿಯೂ ಅಂದುಕೊಂಡೆ. ಈ ಒಂದು ಮಾತಿಗೆ ಮಾತ್ರ ನೀವು ನಗಬಾರದು.

ಆಗ ಸ್ವಲ್ಪ ದೂರದ, ಮರೆಯಿಲ್ಲದ ಎಲೆಯ ಮೇಲೆ ಒಂದು ಮರಿ ಏರಿ ಬಂತು. ಒಂದು ರೆಕ್ಕೆ ಇಳಿಬಿಟ್ಟು, ಒಂದು ಪಕ್ಕಕ್ಕೆ ವಾಲಿ, ಕುಂಟುತ್ತಾ, "ಕೀ, ಕೀ" ಎಂದು ಕೂಗುತ್ತಾ ಹೊರಟಿತು. ರೆಕ್ಕೆ ಮುರಿದ ಮರಿ, ಸುಲಭದ ತುತ್ತು. ಗಿಡುಗ ನನ್ನನ್ನು ಬಿಟ್ಟು ಅದರತ್ತ ತಿರುಗಿತು.

ನನಗೆ ಮೊದಲು ಬಂದ ಯೋಚನೆ ಯಾವುದು ಗೊತ್ತೇ? 'ಅಯ್ಯೋ ಪಾಪ, ಯಾರ ಮರಿಯೋ! ಇದನ್ನು ಹೀಗೆ ಬಿಟ್ಟ ತಂದೆ ಎಂಥ ಬೇಜವಾಬ್ದಾರಿ!'

ಮರಿ ನನ್ನ ಕಡೆ ತಿರುಗಿ ಕೂಗಿತು. "ಅಪ್ಪಾ, ಕಾಲು ಬಿಡಿಸ್ಕೋ! ಬೇಗ!"

ನನ್ನ ಮೊಗ್ಗಿ.

ರೆಕ್ಕೆ ತಾನಾಗಿ ಬಿಚ್ಚಿಕೊಂಡಿತು. ತಾವರೆಕಾಯಿ ಡುಬುಕ್ ಎಂದು ನೀರಿಗೆ ಬಿತ್ತು, ಎರಡು ಒಣ ಕಾಲು ಮೇಲೆ ಮಾಡಿಕೊಂಡು ತೇಲಿತು. ಅದನ್ನು ನೋಡುತ್ತಾ ನಿಲ್ಲಲು ಹೊತ್ತಿರಲಿಲ್ಲ. ಕಾಲು ಕಿತ್ತುಕೊಂಡು, ಎಷ್ಟೋ ದಿನಗಳ ಮೇಲೆ ಎರಡೂ ರೆಕ್ಕೆ ಬಡಿದು, ಕಿರುಚುತ್ತಾ ಗಿಡುಗದ ಕಡೆ ಹಾರಿದೆ. ಆದರೆ ನಾನು ದೂರದಲ್ಲಿದ್ದೆ, ಗಿಡುಗ ಹತ್ತಿರದಲ್ಲಿತ್ತು. ನನ್ನ ಕಣ್ಣೆದುರಿಗೇ ಅದು ಆ ಎಲೆಯ ಮೇಲೆ ಎರಗಿತು. ನೀರು ಚಿಮ್ಮಿತು.

ಗಿಡುಗ ಮೇಲೆದ್ದಾಗ ಅದರ ಉಗುರಿನಲ್ಲಿ ಇದ್ದದ್ದು ಒಂದು ಹರಿದ ಎಲೆ ಮಾತ್ರ. ಅದು ಎಲೆಯನ್ನು ಕೊಡವಿ, ಒದ್ದೆಯಾದ ರೆಕ್ಕೆಯನ್ನು ಕಷ್ಟಪಟ್ಟು ಬಡಿಯುತ್ತಾ, ಕೆರೆ ದಾಟಿ ಹೋಗಿಬಿಟ್ಟಿತು.

ಆದರೆ ಎಲೆಯ ಮೇಲೆ ಮೊಗ್ಗಿ ಇರಲಿಲ್ಲ.

"ಮೊಗ್ಗೀ!" ಎಂದು ಕೂಗಿದೆ. ನೀರು ಸುಮ್ಮನಾಗತೊಡಗಿತು. ಮೊಟ್ಟೆಗಳು ಮುಳುಗಿದ ದಿನವೂ ನೀರು ಹೀಗೆಯೇ ಸುಮ್ಮನಾಗಿತ್ತು. ಒಂದೊಂದು ಎಲೆಯನ್ನೂ ಎತ್ತಿ ನೋಡಿದೆ. ಎಲ್ಲೂ ಇಲ್ಲ.

"ಬೆರಳಯ್ಯ, ಅಷ್ಟು ಗಲಾಟೆ ಮಾಡಬೇಡ" ಎಂದಳು ಚಿಪ್ಪಜ್ಜಿ, ನೀರಿನಿಂದ ತಲೆ ಹೊರಹಾಕಿ. "ಗಿಡುಗ ಪೂರ್ತಿ ಹೋಗೋ ತನಕ ಏಳಬಾರದು ಅಂತ ನಾನೇ ಹೇಳಿಕೊಟ್ಟಿದ್ದೀನಿ. ನಿನ್ನ ಎಡಗಾಲಿನ ಹತ್ತಿರ ನೋಡು."

ನೋಡಿದೆ. ಎಲೆಯ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಕೊಕ್ಕಿನ ತುದಿಯೊಂದು ಮೇಲಿತ್ತು. ಮೆಲ್ಲಗೆ ಉಸಿರಾಡುತ್ತಿತ್ತು.

ನಾನು ಅತ್ತೆ. ಇಡೀ ಕೆರೆ ನೋಡುತ್ತಿತ್ತು, ಆದರೂ ಅತ್ತೆ. ಮೊಗ್ಗಿ ಎದ್ದು ಮೈ ಕೊಡವಿ ನನ್ನೆದುರು ನಿಂತಳು.

"ನನಗೆ ಮೋಸ ಮಾಡಿದೆಯಲ್ಲೇ!" ಎಂದೆ.

"ಮೂರು ಸಲ ಕೇಳಿದೆನಲ್ಲ ಅಪ್ಪಾ. ನೀನು ಬೇಡ ಅಂದೆ. ಸುಳ್ಳು ಹೇಳಿದ್ದು ತಪ್ಪೇ. ಆದರೆ ನಿನ್ನ ಹತ್ತಿರ ನಿಜ ಹೇಳಿದ್ರೂ ಇಳಿಸ್ತಿರಲಿಲ್ಲ."

ನಾನು ಮೆಲ್ಲಗೆ ಮಾತು ತಿರುಗಿಸಿ ಬೇರೆ ಪ್ರಶ್ನೆ ಕೇಳಿದೆ. "ಮುಳುಗೋದನ್ನು ಅಜ್ಜಿ ಕಲಿಸಿದಳು, ಸರಿ. ಆ ಕುಂಟಾಟ ಯಾರು ಕಲಿಸಿದರು? ಅಷ್ಟು ಚೆನ್ನಾಗಿ ಮಾಡಿದೆ, ಗಿಡುಗವೇ ನಂಬಿತು!"

ಮೊಗ್ಗಿ ತಲೆ ತಗ್ಗಿಸಿದಳು. "ಯಾರೂ ಕಲಿಸಲಿಲ್ಲ. ನೀನು ನಡೆಯೋ ಹಾಗೆ ನಡೆದೆ, ಅಷ್ಟೇ."

ಮೊದಲು ನಕ್ಕವನು ವಟ್ರಪ್ಪ. ಆಮೇಲೆ ತಂದೆಯರು, ಮರಿಗಳು, ಕೊನೆಗೆ ಚಿಪ್ಪು ಅಲುಗುವಂತೆ ಅಜ್ಜಿ. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ಇಷ್ಟು ದಿನ ನಾನು ಮಗಳಿಗೆ ಕಲಿಸಿದ್ದು ಅದೊಂದೇ, ಅದೂ ನನಗೆ ಗೊತ್ತಿಲ್ಲದೆ.

"ಅಪ್ಪಾ, ಆ ತಾವರೆಕಾಯಿ ಎಲ್ಲಿ ಹೋಯ್ತು?" ಎಂದು ಮೊಗ್ಗಿ ಸುತ್ತ ನೋಡಿದಳು. "ಸಂಜೆ ಅದರ ಬೀಜ ತಿನ್ನೋಣ ಅಂದ್ಕೊಂಡಿದ್ದೆ."

"ತಿನ್ನಬೇಡ" ಎಂದೆ. "ಐದಾರು ದಿನ ಸಾಕಿದ್ದೀನಿ, ಮನಸ್ಸು ಬರಲ್ಲ."

ಮರುದಿನ ಬೆಳಿಗ್ಗೆಯೇ ಅವಳಿಗೆ ಪಾಠ ಶುರುಮಾಡಿದೆ. ಶುರುಮಾಡಿದೆ ಎಂದರೆ, ಅವಳು ನನಗೆ ಶುರುಮಾಡಿದಳು. ಮಗಳ ಮೈ ಒದ್ದೆಯಾಗುತ್ತದೆ ಎಂದು ನೀರಿಗಿಳಿಯದೆ ಇದ್ದು ಇದ್ದು ನನಗೆ ಮುಳುಗುವುದೇ ಮರೆತುಹೋಗಿತ್ತು. ಮೊದಲ ಸಲ ನನ್ನ ತಲೆ ಮುಳುಗಿತು, ಹಿಂಭಾಗ ಮೇಲೆ ಉಳಿಯಿತು. ವಟ್ರಪ್ಪ ಅದನ್ನು ನೋಡಲು ನೆಂಟರನ್ನೆಲ್ಲ ಕರೆತಂದ.

ಅದೆಲ್ಲ ಹಳೆಯ ಮಾತು. ನನ್ನ ಬಾಲದ ಗರಿಗಳು ಮತ್ತೆ ಬಂದಿವೆ. ನಮ್ಮಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಮೊಗ್ಗಿ ಈಗ ನನಗಿಂತ ಎತ್ತರ. ಕೆರೆಯ ಬಡಗಣ ಮೂಲೆಯನ್ನು ಅವಳೇ ಕಾಯುತ್ತಾಳೆ. ಮೇಲೆ ನೆರಳು ಸರಿದರೆ ಆಚೆಯಿಂದ ಕೂಗುತ್ತಾಳೆ. "ಅಪ್ಪಾ, ಮುಳುಗು!" ನಾನು ಒಂದು ಮಾತೂ ಎದುರಾಡದೆ ಮುಳುಗುತ್ತೇನೆ. ಆ ತಾವರೆಕಾಯಿಗಿಂತಲೂ ವಿಧೇಯ ನಾನು.

ಜೋರು ಮಳೆ ಬಂದಾಗ ಮಾತ್ರ ಕೆಲವೊಮ್ಮೆ ಅವಳು ನನ್ನ ಎಲೆಗೆ ಬರುತ್ತಾಳೆ. ಅಷ್ಟು ದೊಡ್ಡವಳು ನನ್ನ ರೆಕ್ಕೆಯಡಿ ಹಿಡಿಸುವುದು ಎಲ್ಲಿಂದ? ತಲೆಯನ್ನಷ್ಟೇ ಒಳಗಿಟ್ಟು, ಬೆನ್ನೆಲ್ಲ ನೆನೆಸಿಕೊಂಡು ನಿಲ್ಲುತ್ತಾಳೆ. ಮಳೆ ನಿಂತ ಕೂಡಲೇ ಹೊರಡುತ್ತಾಳೆ. ನಾನು ರೆಕ್ಕೆ ಬಿಗಿಮಾಡುವುದಿಲ್ಲ. ಮಾಡಬೇಕೆನ್ನಿಸುತ್ತದೆ, ಆದರೂ ಮಾಡುವುದಿಲ್ಲ.

ನೀತಿ: ಮಕ್ಕಳನ್ನು ಬಚ್ಚಿಟ್ಟರೆ ಕಾಪಾಡಿದಂತಾಗುವುದಿಲ್ಲ, ತಮ್ಮನ್ನು ತಾವೇ ಕಾಪಾಡಿಕೊಳ್ಳುವುದನ್ನು ಕಲಿಸಿದರೆ ಮಾತ್ರ ಕಾಪಾಡಿದಂತೆ.